ನಿಮ್ಮ ಮನೆಯ ಶೋಕಿ ಯಾವುದು? ಕೊಡಗಿನವರು ಹೇಳಿ

ತೋಟದಮನೆ, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ಈ ವರ್ಷ ಅರೇಬಿಕಾ ಕುಯ್ಲು ಮುಗಿದ ಮೇಲೆ ಒಂದು ನಿರ್ಧಾರ ಮಾಡಿದೆ. ತೋಟದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದ ಕಾಫಿ ಮೊದಲು ಮನೆಗೆ, ಆಮೇಲೆ ವ್ಯಾಪಾರಿಗೆ.

ನಮ್ಮಲ್ಲಿ ನಡೆದು ಬಂದದ್ದು ಇದಕ್ಕೆ ತಿರುವು ಮುರುವು ಅಲ್ವಾ? ಕೆಂಪಗೆ ಹಣ್ಣಾದದ್ದನ್ನು ಪಲ್ಪ್ ಮಾಡಿ (ಮೇಲಿನ ತಿರುಳು ತೆಗೆದು), ತೊಳೆದು, ಕಣದಲ್ಲಿ ಒಣಗಿಸಿ, ತೆಳು ಸಿಪ್ಪೆ ಇರುವ ಬೀಜ ಅಂದರೆ ಪಾರ್ಚ್‌ಮೆಂಟ್ ಮಾಡುತ್ತೇವೆ. ಅದಷ್ಟೂ ಚೀಲ ತುಂಬಿ ಗೇಟು ದಾಟುತ್ತದೆ. ನೀರಿಗೆ ಹಾಕಿದಾಗ ತೇಲಿದ ಜೊಳ್ಳು, ಗಿಡದ ಬುಡದಲ್ಲಿ ಹೆಕ್ಕಿದ್ದು, ಒಡೆದದ್ದು, ಕಪ್ಪಾದದ್ದು ಮನೆಗೆ. ಅದನ್ನು ಕರಿ ಬರುವಂತೆ ಹುರಿದು, ಬೆಲ್ಲ ಹಾಕಿ ಕುದಿಸಿ ಕುಡಿದು ದೊಡ್ಡವರಾದೆವು. ಬೆಲ್ಲದ ಕಾಫಿ ನನಗೆ ಈಗಲೂ ಇಷ್ಟ. ಆದರೆ ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಜಿ.ಐ. (ಭೌಗೋಳಿಕ ಗುರುತಿನ) ಮಾನ್ಯತೆಯೇ ಸಿಕ್ಕಿದೆ. ಎಲ್ಲೆಲ್ಲಿಂದಲೋ ಜನ ಇದನ್ನು ಹುಡುಕಿಕೊಂಡು ಬರುತ್ತಾರೆ. ಬೆಳೆಯುವ ಮನೆಯಲ್ಲೇ ಅದರ ರುಚಿ ಗೊತ್ತಿಲ್ಲ ಅಂದರೆ ಹೇಗೆ?

ಹಾಗಾಗಿ ಪೀಬೆರಿ ಆರಿಸಿ ಇಟ್ಟುಕೊಂಡೆ. ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ದುಂಡು ಬೀಜ ಇರುತ್ತದಲ್ಲ, ಅದು. ಕೈಯಲ್ಲಿ ತಿರುಗಿಸುವ ಒಳ್ಳೆಯ ಗ್ರೈಂಡರ್ ಕೂಡ ಕೊಂಡೆ. ಆ ದುಡ್ಡಿಗೆ ಒಂದು ಮಿಕ್ಸಿಯೇ ಬರುತ್ತಿತ್ತು. ಬೆಳಿಗ್ಗೆ ಕೆಲಸದವರು ಬರುವ ಮೊದಲು ಒಂದು ಲೋಟಕ್ಕೆ ಬೇಕಾದಷ್ಟೇ ಪುಡಿ ಮಾಡಿ ಕುಡಿಯುತ್ತೇನೆ. ಇದು ನನಗೋಸ್ಕರ ಮಾಡಿಕೊಂಡ ಶೋಕಿ. ಯಾರಿಗೂ ತೋರಿಸಲಿಕ್ಕಲ್ಲ.

ನೀವೂ ಹೇಳಿ. ಮದುವೆ, ಮನೆ, ಮಕ್ಕಳ ಫೀಸು ಇದೆಲ್ಲ ಬಿಟ್ಟು, ನಿಮಗೇ ಅಂತ ಖರ್ಚು ಮಾಡುವ ಒಂದು ಸಂಗತಿ.

ಗದ್ದೆಬದಿ, ಕಕ್ಕಬ್ಬೆ

ಅಕ್ಕ, ಒಳ್ಳೆಯ ಮಾತು ಎತ್ತಿದಿರಿ. ನನ್ನ ಶೋಕಿ ಸಣ್ಣಕ್ಕಿ.

ಮನೆ ಕೆಳಗಿನ ಗದ್ದೆಯಲ್ಲಿ ಒಂದು ಮಡಿಯನ್ನು ಸಣ್ಣಕ್ಕಿಗೆ ಅಂತಲೇ ಬಿಟ್ಟಿದ್ದೇನೆ. ಲೆಕ್ಕ ಹಾಕಿದರೆ ಪೂರ್ತಿ ನಷ್ಟ. ಪೈರು ಎತ್ತರ ಬೆಳೆಯುತ್ತದೆ, ತೆನೆ ತುಂಬುವ ಹೊತ್ತಿಗೆ ಗಾಳಿ ಮಳೆ ಬಂದರೆ ಮಲಗಿಬಿಡುತ್ತದೆ. ಇಳುವರಿ ಹೈಬ್ರಿಡ್ ಭತ್ತದ ಹತ್ತಿರಕ್ಕೂ ಬರುವುದಿಲ್ಲ. ನಾಟಿಗೆ ಜನ ಸಿಗುವುದಿಲ್ಲ, ಸಿಕ್ಕರೂ ಕೂಲಿ ಜಾಸ್ತಿ. ಮೇಲಿಂದ ಹಂದಿ, ಆನೆ. ಶುಂಠಿ ಬೆಳೆಯುವವರು ಪ್ರತಿ ವರ್ಷ ಬಂದು ಗದ್ದೆ ಗುತ್ತಿಗೆಗೆ ಕೊಡಿ ಅಂತ ಕೇಳುತ್ತಾರೆ. ಕೊಟ್ಟರೆ ಕೈಗೆ ದುಡ್ಡು ಬರುತ್ತದೆ, ಮೈ ಬಗ್ಗಿಸುವುದೂ ಇಲ್ಲ.

ಆದರೆ ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆಯಲು ಪಕ್ಕದವರ ಗದ್ದೆಗೆ ಹೋಗಿ ನಿಲ್ಲುವುದು ನನ್ನಿಂದ ಆಗದು. ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ನಿಶ್ಚಯವಾದ ಮೇಲೆ ಮನೆಯಲ್ಲಿ ಸಡಗರ ಶುರು. ರಾತ್ರಿ ಕುತ್ತಿ, ದೀಪ, ಕೋವಿ ಹಿಡಿದು ಎಲ್ಲರೂ ಗದ್ದೆಗೆ ಇಳಿಯುತ್ತೇವೆ. ಗುಂಡು ಹಾರುತ್ತದೆ. 'ಪೊಲಿ ಪೊಲಿ ದೇವಾ' ಅಂತ ಕೂಗುವಾಗ ಎದುರಿಗಿರುವುದು ನಮ್ಮದೇ ಪೈರು ಆಗಿರಬೇಕು. ಅದಕ್ಕೋಸ್ಕರ ಎಷ್ಟು ನಷ್ಟವಾದರೂ ನನಗೆ ಒಪ್ಪಿಗೆ.

ಹೊಸ ಸಣ್ಣಕ್ಕಿಯಲ್ಲಿ ತುಪ್ಪದ ಅನ್ನ ಮಾಡಿದರೆ ಪರಿಮಳ ಅಂಗಳಕ್ಕೆ ಬರುತ್ತದೆ. ಮಾರುವುದಿಲ್ಲ. ಕೇಳಿದವರಿಗೂ ಮಾರುವುದಿಲ್ಲ. ನೆಂಟರಿಗೆ ಒಂದೊಂದು ಸೇರು ಕೊಡುತ್ತೇನೆ, ಉಳಿದದ್ದು ಮನೆಗೆ.

ಮಳೆಶಾಲೆ, ಭಾಗಮಂಡಲ

ನನ್ನದು ಬಟ್ಟೆ ಒಣಗಿಸುವ ಮಷಿನ್! ಮೈಸೂರಿನ ನೆಂಟರಿಗೆ ಹೇಳಿದರೆ ಬಿಸಿಲು ಬಿಟ್ಟು ಮಷಿನ್ ಯಾಕೆ ಅಂತಾರೆ. ಜುಲೈ ತಿಂಗಳಲ್ಲಿ ಅವರನ್ನೊಮ್ಮೆ ಇಲ್ಲಿ ಕೂರಿಸಬೇಕು.

ನಾನು ಚಿಕ್ಕವಳಿದ್ದಾಗ ಮಳೆಗಾಲದಲ್ಲಿ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರಡುತ್ತಿದ್ದರು. ಒಲೆಯ ಮೇಲ್ಗಡೆ ಹಗ್ಗ ಕಟ್ಟುತ್ತಿದ್ದರು. ಯೂನಿಫಾರಂ ಪೂರ್ತಿ ಹೊಗೆ ವಾಸನೆ. ಕ್ಲಾಸಿನಲ್ಲಿ ಎಲ್ಲರದ್ದೂ ಅದೇ ವಾಸನೆ, ಹಾಗಾಗಿ ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಈಗ ನಾನು ಟೀಚರ್. ಅರ್ಧ ಒಣಗಿದ ಸೀರೆ ಉಟ್ಟು, ಮೈಯೆಲ್ಲ ತಣ್ಣಗಾಗಿ ಇಡೀ ದಿನ ಪಾಠ ಮಾಡಿದ ವರ್ಷಗಳು ಬೇಕಾದಷ್ಟಿವೆ. ಸಂಬಳದಲ್ಲಿ ಉಳಿಸಿ ಉಳಿಸಿ ಕೊನೆಗೆ ಮಷಿನ್ ತಂದೆ. ಬೆಚ್ಚಗಿರುವ ಟವೆಲ್ ಕೈಗೆ ಸಿಕ್ಕಿದಾಗ ಎಷ್ಟು ಖುಷಿ ಆಗುತ್ತದೆ ಅಂತ ಮಳೆನಾಡಿನವರಿಗೆ ಮಾತ್ರ ಗೊತ್ತು.

ಹಾರಂಗಿ, ಕುಶಾಲನಗರ

ಮೇಡಂ, ಕರೆಂಟ್ ಹೋದರೆ ಏನು ಮಾಡುತ್ತೀರಿ? ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಬರುವುದಿಲ್ಲವಲ್ಲ. ಬಿಲ್ಲೂ ಜಾಸ್ತಿ ಬರುತ್ತದಾ?

ಮಳೆಶಾಲೆ, ಭಾಗಮಂಡಲ

ಕರೆಂಟ್ ಇಲ್ಲದ ದಿನ ಮತ್ತೆ ಒಲೆಯೇ ಗತಿ. ಅದಕ್ಕೆ ಹಳೆಯ ಬುಟ್ಟಿಯನ್ನು ಇನ್ನೂ ಇಟ್ಟಿದ್ದೇನೆ. ನಾನು ತಂದದ್ದು ಹೀಟ್ ಪಂಪ್ ಇರುವಂಥದ್ದು. ಕೊಳ್ಳುವಾಗ ಬೆಲೆ ಹೆಚ್ಚು, ಆದರೆ ಬರೀ ಕಾಯಿಲ್ ಬಿಸಿ ಮಾಡುವ ಮಷಿನ್‌ಗಿಂತ ಕರೆಂಟ್ ಕಡಿಮೆ ಎಳೆಯುತ್ತದೆ. ಅಷ್ಟು ಖರ್ಚು ಬೇಡ ಅಂದರೆ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಸಿಗುತ್ತದೆ. ಒಂದು ಸಣ್ಣ ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಬಟ್ಟೆ ನೇತುಹಾಕಿ ಅದನ್ನು ಇಟ್ಟರೆ ರಾತ್ರಿ ಬೆಳಗಾಗುವುದರೊಳಗೆ ಒಣಗುತ್ತದೆ. ಬೀರುವಿನ ರೇಷ್ಮೆ ಸೀರೆ, ಚಪ್ಪಲಿ, ಪುಸ್ತಕಕ್ಕೆ ಬೂಷ್ಟು ಬರುವುದೂ ನಿಲ್ಲುತ್ತದೆ. ತುಂಬಿದ ನೀರನ್ನು ಚೆಲ್ಲಲು ಮರೆಯಬಾರದು, ಅಷ್ಟೇ.

ಲೈನ್‌ಮನೆ ಹುಡುಗಿ, ಕುಶಾಲನಗರ

ನಾನು ಇಲ್ಲಿ ಬರೆಯುವುದೋ ಬೇಡವೋ ಅಂತ ಯೋಚಿಸುತ್ತಿದ್ದೆ. ಬರೆಯುತ್ತೇನೆ.

ತೋಟದಮನೆ ಅಕ್ಕ ಹೇಳಿದ ಆ ಪಾರ್ಚ್‌ಮೆಂಟ್ ಕಾಫಿಯನ್ನು ಕುಯ್ದವಳು ನನ್ನಮ್ಮನಂಥವಳು. ನಾನು ಹುಟ್ಟಿ ಬೆಳೆದದ್ದು ಎಸ್ಟೇಟಿನ ಕೆಲಸದವರಿಗೆ ಸಾಲಾಗಿ ಕಟ್ಟಿದ ಲೈನ್‌ಮನೆಯಲ್ಲಿ. ಒಂದೇ ಕೋಣೆ, ಅದರ ಮುಂದೆ ಒಲೆ. ನೀರು ಹೊತ್ತು ತರಬೇಕು. ವಾರದ ಬಟವಾಡೆ ಆದ ಮೇಲೆ ಅಮ್ಮ ಸಂತೆಗೆ ಹೋಗುತ್ತಿದ್ದಳು. ಅಕ್ಕಿ, ಉಪ್ಪು, ಒಣಮೀನು ಎಲ್ಲ ಆದ ಮೇಲೆ ಚಿಲ್ಲರೆ ಉಳಿದರೆ ಒಂದು ಮೊಳ ಮಲ್ಲಿಗೆ ತರುತ್ತಿದ್ದಳು. ಮಾರನೇ ದಿನ ತಲೆಗೆ ಬಟ್ಟೆ ಕಟ್ಟಿ ತೋಟಕ್ಕೆ ಹೋಗುವಾಗಲೂ ಬಾಡಿದ ಹೂವನ್ನು ತೆಗೆಯುತ್ತಿರಲಿಲ್ಲ. ಅದು ಅವಳ ಶೋಕಿ ಅಂತ ಈಗ ಇದನ್ನು ಓದುವಾಗ ಅನಿಸಿತು.

ನಾನೀಗ ನರ್ಸ್. ನನ್ನ ಶೋಕಿ ನಲ್ಲಿಯಲ್ಲಿ ಬರುವ ಬಿಸಿನೀರು. ಬಾಡಿಗೆ ಮನೆ ಹುಡುಕುವಾಗ ಗೀಸರ್ ಇದೆಯಾ ಅಂತ ಮೊದಲು ಕೇಳಿದೆ. ಇರಲಿಲ್ಲ, ನಾನೇ ಹಾಕಿಸಿದೆ. ನೈಟ್ ಡ್ಯೂಟಿ ಮುಗಿಸಿ ಬಂದು ಬೇಕಾದಷ್ಟು ಹೊತ್ತು ಸ್ನಾನ ಮಾಡುತ್ತೇನೆ. ಒಳ್ಳೆಯ ಸೋಪು, ಒಳ್ಳೆಯ ಎಣ್ಣೆ ತರುತ್ತೇನೆ. ಇನ್ನೊಬ್ಬರ ಸರದಿ ಇದೆ, ಬೇಗ ಬಾ ಅಂತ ಯಾರೂ ಬಾಗಿಲು ಬಡಿಯುವುದಿಲ್ಲ.

ಅಮ್ಮನಿಗೂ ಬಾ ಅಂತ ಕರೆಯುತ್ತೇನೆ. ಬಂದಾಗ ಅವಳು ಅರ್ಧ ಬಕೆಟ್‌ನಲ್ಲೇ ಮುಗಿಸುತ್ತಾಳೆ. ಅಭ್ಯಾಸ ಹೋಗಿಲ್ಲ.

ತೋಟದಮನೆ, ಸುಂಟಿಕೊಪ್ಪ

ತಂಗೀ, ನೀನು ಬರೆದದ್ದು ಒಳ್ಳೆಯದಾಯಿತು. ಒಂದು ಮಾತು ಹೇಳಬೇಕು. 2024ರಲ್ಲಿ ರೋಬಸ್ಟಾ ಕಾಫಿ ಚೆರಿಯ (ಹಣ್ಣನ್ನು ಹಾಗೇ ಒಣಗಿಸಿದ್ದು) ಬೆಲೆ 50 ಕೆ.ಜಿ. ಚೀಲಕ್ಕೆ 10,000 ರೂಪಾಯಿ ದಾಟಿತು. ನಮ್ಮ ಕಡೆ ಹೊಸ ಕಾರು, ಹೊಸ ಗೇಟು ತುಂಬಾ ಬಂತು. ಕೆಲಸದವರ ಮನೆಗೆ ನಲ್ಲಿ, ಬಚ್ಚಲು, ಬಿಸಿನೀರು ಬಂದದ್ದು ಎಷ್ಟು ಕಡೆ? ಬೆಲೆ ಚೆನ್ನಾಗಿರುವಾಗ ಅದನ್ನು ಮಾಡಿಸದವರು ಬೆಲೆ ಇಳಿದಾಗ ಖಂಡಿತ ಮಾಡಿಸುವುದಿಲ್ಲ. ನಮ್ಮಲ್ಲಿ ಇರುವುದು ಸಣ್ಣ ತೋಟ, ಲೈನ್‌ಮನೆ ಇಲ್ಲ. ಆದರೂ ಕುಯ್ಲಿಗೆ ಬರುವವರಿಗೆ ಈ ವರ್ಷ ಮಧ್ಯಾಹ್ನ ಕೊಟ್ಟದ್ದು ಅದೇ ಪೀಬೆರಿ ಕಾಫಿ. ಕುಯ್ದವರೂ ಅದರ ರುಚಿ ನೋಡಲಿ.

ನಿವೃತ್ತ ಹವಾಲ್ದಾರ್, ವಿರಾಜಪೇಟೆ

ಎಲ್ಲರ ಬರಹ ಓದಿದೆ. ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಬೇಡಿ.

ಶೋಕಿಯಿಂದ ತೋಟ ಕಳೆದುಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ. ತೊಂಬತ್ತರ ದಶಕದಲ್ಲಿ, ಬೆಳೆದದ್ದನ್ನು ಕಾಫಿ ಬೋರ್ಡಿಗೇ ಕೊಡಬೇಕಾಗಿದ್ದ ಪೂಲ್ ಪದ್ಧತಿ ಹೋಯಿತು. ಬೆಳೆಗಾರ ತಾನೇ ಮಾರಬಹುದು ಅಂತ ಆಯಿತು, ಬೆಲೆಯೂ ಏರಿತು. ಜನ ಜೀಪು ಕೊಂಡರು, ಬಂಗಲೆ ಕಟ್ಟಿದರು, ಸಾಲ ಮಾಡಿ ಮದುವೆ ಮಾಡಿದರು. 2001-02ರ ಹೊತ್ತಿಗೆ ಬೆಲೆ ನೆಲ ಕಚ್ಚಿತು. ವಿಯೆಟ್ನಾಂ ರೋಬಸ್ಟಾ ಲೋಕದ ಮಾರುಕಟ್ಟೆ ತುಂಬಿಬಿಟ್ಟಿತ್ತು. ಸಾಲ ಹಾಗೇ ಉಳಿಯಿತು. 2024ರಲ್ಲಿ ಮತ್ತೆ ಅದೇ ಏರುಗಾಲ ಬಂತು. ಚಿಕ್ಕವರಿಗೆ ಆ ವರ್ಷಗಳು ಗೊತ್ತಿಲ್ಲ.

ಅದಕ್ಕೆ ನನ್ನ ಮಾತು: ಶೋಕಿಗೆ ಸಾಲ ಮಾಡಬಾರದು. ಕೈಯಲ್ಲಿ ಇದ್ದರೆ ಮಾಡಿ, ಸಂತೋಷ.

ನನ್ನದು ಕೇಳಿದರೆ, ಹಾಕಿ. ಬೇಸಗೆಯಲ್ಲಿ ಕೊಡವ ಕೌಟುಂಬಿಕ ಹಾಕಿ ನಡೆಯುವಷ್ಟು ದಿನ ನಾನು ಬೇರೆ ಕೆಲಸಕ್ಕೆ ಇಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಇದನ್ನು ಶುರು ಮಾಡಿದರು. ಒಂದೊಂದು ವರ್ಷ ಒಂದೊಂದು ಕುಟುಂಬ ನಡೆಸಿಕೊಡುತ್ತದೆ. ಒಂದೇ ಮನೆತನದ ಅಜ್ಜ, ಮಗ, ಮೊಮ್ಮಗ, ಸೊಸೆ ಒಟ್ಟಿಗೆ ಆಡುವುದನ್ನು ಬೇರೆ ಎಲ್ಲಿ ನೋಡುತ್ತೀರಿ? ನಾನು ತೋಟದ ಕೆಲಸ ಬೇರೆಯವರಿಗೆ ವಹಿಸಿ, ಬುತ್ತಿ ಕಟ್ಟಿಕೊಂಡು, ಬೆಳಿಗ್ಗಿನ ಮೊದಲ ಪಂದ್ಯಕ್ಕೇ ಹೋಗಿ ಕೂರುತ್ತೇನೆ. ಮೊಮ್ಮಕ್ಕಳಿಗೆ ಸ್ಟಿಕ್ ಕೊಡಿಸುವಾಗ ಬೆಲೆ ನೋಡುವುದಿಲ್ಲ. ಬೂಟು ಹಾಗೂ ಸ್ಟಿಕ್ ಕೀಳು ಇರಬಾರದು, ಇದು ಸೈನ್ಯದಲ್ಲಿ ಕಲಿತ ಪಾಠ.

ಜಂಬೂರು ಮನೆ

ಸರ್, ನಿಮ್ಮ ಮಾತು ಸರಿ. ಸಾಲದ ಶೋಕಿ ಬೇಡ. ಆದರೆ ಇಟ್ಟು ಇಟ್ಟು ಹಾಳಾಗುವುದೂ ಇದೆ, ಅದನ್ನು ನಾನು ಹೇಳುತ್ತೇನೆ.

ನಮ್ಮ ಹಳೆಯ ಮನೆ 2018ರ ಆಗಸ್ಟ್ ಮಳೆಯಲ್ಲಿ ಗುಡ್ಡದ ಜೊತೆ ಹೋಯಿತು. ಜನ ಉಳಿದೆವು, ಅದೇ ದೊಡ್ಡದು. ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದೆವು. ಆಮೇಲೆ ಪರಿಹಾರ ಕೇಂದ್ರ, ಬಾಡಿಗೆ ಮನೆ, ಕೊನೆಗೆ ಜಂಬೂರಿನ ಈ ಬಡಾವಣೆ.

ಆ ಮನೆಯ ಬೀರುವಿನಲ್ಲಿ ನನ್ನ ಮದುವೆಗೆ ಬಂದ ಪಿಂಗಾಣಿ ತಟ್ಟೆಗಳಿದ್ದವು. ನೀಲಿ ಹೂವಿನ ಚಿತ್ರ, ಅಂಚಿಗೆ ಬಂಗಾರದ ಗೆರೆ. ನೆಂಟರು ಬಂದರೆ ತೆಗೆಯೋಣ ಅಂತ ಇಟ್ಟಿದ್ದೆ. ನೆಂಟರು ಬಂದಾಗಲೂ ಒಡೆದೀತು ಅಂತ ತೆಗೆಯುತ್ತಿರಲಿಲ್ಲ. ಹೊಸ ಟವೆಲ್‌ಗಳು, ಎರಡು ಒಳ್ಳೆಯ ಬೆಡ್‌ಶೀಟ್, ಅತ್ತೆ ಕೊಟ್ಟ ಹಿತ್ತಾಳೆಯ ಕಾಫಿ ಫಿಲ್ಟರ್, ಎಲ್ಲ ಪ್ಯಾಕಿನಲ್ಲೇ ಇದ್ದವು. ನಾವು ದಿನಾ ಉಂಡದ್ದು ತಗ್ಗಾದ ಸ್ಟೀಲ್ ತಟ್ಟೆಯಲ್ಲಿ.

ಈ ಮನೆಗೆ ಬಂದ ಮೇಲೆ ಕೈಗೆ ಸ್ವಲ್ಪ ದುಡ್ಡು ಬಂದಾಗ ಮೊದಲು ಪಿಂಗಾಣಿ ತಟ್ಟೆ ಕೊಂಡೆ. ದಿನಾ ಅದರಲ್ಲೇ ಊಟ. ಅಕ್ಕಿ ರೊಟ್ಟಿಗೂ ಅದೇ, ಗಂಜಿಗೂ ಅದೇ. ಮಗ ಒಂದು ಒಡೆದ. ಒಡೆಯಲಿ ಬಿಡು ಅಂದೆ. ಮನೆಯವರು ಮೊದಮೊದಲು ಇದೆಲ್ಲ ಯಾಕೆ ಅಂತಿದ್ದರು. ಈಗ ಅವರೇ ಆ ತಟ್ಟೆ ಕೇಳುತ್ತಾರೆ.

ನಿವೃತ್ತ ಹವಾಲ್ದಾರ್, ವಿರಾಜಪೇಟೆ

ತಂಗೀ, ನಿನ್ನ ಮಾತು ಒಪ್ಪಿದೆ. ನನ್ನ ಹೆಂಡತಿಯ ಬೀರುವಿನಲ್ಲೂ ಹಾಗೆ ಇಟ್ಟದ್ದು ಬಹಳ ಇದೆ. ಇದನ್ನು ಅವಳಿಗೆ ಓದಿ ಹೇಳುತ್ತೇನೆ.

ರಾಜಾಸೀಟ್ ಹತ್ತಿರ, ಮಡಿಕೇರಿ

ನನ್ನದು ಚಿಕ್ಕದು. ಅಜ್ಜಿಯ ಜೋಮಾಲೆ (ಕೊಡವರ ಚಿನ್ನದ ಮಣಿಸರ) ಬ್ಯಾಂಕ್ ಲಾಕರಿನಲ್ಲಿ ಇತ್ತು. ದಾರ ಹಳೆಯದಾಗಿ ಹಾಕುವ ಹಾಗಿರಲಿಲ್ಲ. ಮೇಲಿನವರು ಬರೆದ ತಟ್ಟೆ ವಿಷಯ ಓದಿ ಮನಸ್ಸು ಗಟ್ಟಿ ಮಾಡಿದೆ. ನಾಳೆಯೇ ಹೋಗಿ ಹೊಸದಾಗಿ ಪೋಣಿಸಲು ಕೊಡುತ್ತೇನೆ. ಮದುವೆಗೆ ಮಾತ್ರ ಅಲ್ಲ, ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೂ, ಮನೆಯ ಸಣ್ಣ ಪೂಜೆಗೂ ಹಾಕುತ್ತೇನೆ.

ಕಾವೇರಿ ಆಚೆ, ಕುಶಾಲನಗರ

ತಿಂಗಳ ಕೊನೇ ಶನಿವಾರ ಟಿಬೆಟನ್ನರು ನೆಲೆಸಿರುವ ಬೈಲುಕುಪ್ಪೆಗೆ ಹೋಗಿ ಬಿಸಿ ತುಕ್ಪಾ (ನೂಡಲ್ ಸೂಪ್), ಮೋಮೊ. ಒಬ್ಬನೇ ಹೋಗುತ್ತೇನೆ, ಫೋನ್ ಜೇಬಿನಲ್ಲಿ. ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಆದರೂ ನಮಗೆ ಅದು ನಮ್ಮೂರೇ. ಅಷ್ಟೇ ನನ್ನ ಶೋಕಿ.

ಬೆಂಗಳೂರಿನಲ್ಲಿರುವ ಕೊಡಗಿನವಳು

ಊರಿನಲ್ಲಿರುವವರು ಪುಣ್ಯವಂತರು. ನನಗೆ ಇಲ್ಲಿ ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ, ಕಾಚಂಪುಳಿಯೇ ದೊಡ್ಡ ಶೋಕಿ.

ಅಸಲಿ ಕಾಚಂಪುಳಿ ಮಾಡುವುದನ್ನು ನೋಡಿದವರಿಗೆ ಅದರ ಬೆಲೆ ಜಾಸ್ತಿ ಅನಿಸುವುದಿಲ್ಲ. ಮಳೆಗಾಲದಲ್ಲಿ ಮಾಗಿ ಬಿದ್ದ ಪಣಂಪುಳಿ ಹಣ್ಣನ್ನು ಹೆಕ್ಕಿ ಬುಟ್ಟಿಯಲ್ಲಿ ರಾಶಿ ಹಾಕುತ್ತಾರೆ. ಕೊಳೆಯುತ್ತಾ ಬಂದ ಹಾಗೆ ರಸ ತೊಟ್ಟು ತೊಟ್ಟಾಗಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಅದನ್ನು ಸೋಸಿ, ಕಪ್ಪಾಗಿ ಗಟ್ಟಿಯಾಗುವ ತನಕ ಕುದಿಸಬೇಕು. ರಾಶಿ ಹಣ್ಣಿಗೆ ಸಿಗುವುದು ಸ್ವಲ್ಪವೇ. ಆದರೆ ಪಂದಿಕರಿಗೆ (ಹಂದಿ ಮಾಂಸದ ಸಾರು) ಒಂದು ಚಮಚ ಸಾಕು, ಬಾಟಲಿ ವರ್ಷಗಟ್ಟಲೆ ಕೆಡುವುದಿಲ್ಲ. ಇಲ್ಲಿಯ ಅಂಗಡಿಯಲ್ಲಿ ಆ ಹೆಸರು ಹಾಕಿ ಬಣ್ಣದ ನೀರಿನಂಥದ್ದು ಮಾರುತ್ತಾರೆ. ಮೀನು ಸಾರಿಗೆ ಹಾಕಿದರೆ ಬರೀ ಹುಳಿ, ಆ ಘಾಟು ಇಲ್ಲ. ಹಾಗಾಗಿ ನಮ್ಮೂರಿನಲ್ಲಿ ಮನೆಯಲ್ಲೇ ಮಾಡುವವರ ಹತ್ತಿರ ಮೊದಲೇ ಹೇಳಿಟ್ಟು, ಅವರು ಕೇಳಿದಷ್ಟು ಕೊಟ್ಟು ತರುತ್ತೇನೆ. ಚೌಕಾಸಿ ಮಾಡುವುದಿಲ್ಲ.

ಇನ್ನೊಂದು, ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ, ಕಕ್ಕಡ ಪದಿನೆಟ್ಟ್‌ಗೆ ಊರಿಗೆ ಹೋಗಿಯೇ ಹೋಗುತ್ತೇನೆ. ಆಗಸ್ಟ್ 3ಕ್ಕೆ ರಜೆ ಕೇಳಿದರೆ ಆಫೀಸಿನವರು ಯಾವ ಹಬ್ಬ ಅಂತಾರೆ. ಮದ್ದು ಸೊಪ್ಪು ಅಂತ ಹೇಳುತ್ತೇನೆ. ಆ ಸೊಪ್ಪಿನ ಒಂದು ಬಟ್ಟಲು ಪಾಯಸಕ್ಕೆ ರಾತ್ರಿ ಬಸ್ಸಿನಲ್ಲಿ ಹೋಗಿ ರಾತ್ರಿ ಬಸ್ಸಿನಲ್ಲಿ ವಾಪಸ್.

ಜೇನುಪೆಟ್ಟಿಗೆ, ಚೇರಂಬಾಣೆ

ಕಾಚಂಪುಳಿಗೆ ಹೇಳಿದ ಮಾತು ಜೇನಿಗೂ ಹೇಳಬೇಕು. ನಾನು ಪೆಟ್ಟಿಗೆ ಇಟ್ಟಿದ್ದೇನೆ, ಮಾರುತ್ತೇನೆ ಕೂಡ. ಆದರೆ ತುಡುವೆ ಜೇನಿನಲ್ಲಿ ಮೊದಲ ಬಾಟಲಿ ಮನೆಗೇ. ಅದು ನನ್ನ ತಂದೆಯ ಕಾಲದ ನಿಯಮ.

1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂತು. ಮರಿಹುಳುಗಳು ಪೆಟ್ಟಿಗೆಯಲ್ಲೇ ಸಾಯುತ್ತಿದ್ದವು. ಕೊಡಗಿನಲ್ಲಿ ಸಾಲು ಸಾಲು ಪೆಟ್ಟಿಗೆ ಖಾಲಿ ಆದವು. ಬಹಳ ಜನ ಜೇನು ಬಿಟ್ಟೇಬಿಟ್ಟರು. ತಂದೆ ಮಾತ್ರ ಖಾಲಿ ಪೆಟ್ಟಿಗೆಗಳನ್ನು ಒಡೆದು ಒಲೆಗೆ ಹಾಕಲಿಲ್ಲ. ಜೇನು ಕುಟುಂಬಗಳು ನಿಧಾನವಾಗಿ ಮತ್ತೆ ಬಂದವು. ಅದಕ್ಕೇ ಮೊದಲ ಬಾಟಲಿ ಮಾರುವುದಕ್ಕಲ್ಲ.

ಕೊಳ್ಳುವವರಿಗೆ ಎರಡು ಮಾತು. ಜೇನು ಗಟ್ಟಿಯಾಗಿ ಹರಳು ಕಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಅಂತ ಜಗಳ ಮಾಡಬೇಡಿ. ಒಳ್ಳೆಯ ಜೇನೂ ಹರಳು ಕಟ್ಟುತ್ತದೆ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಕರಗುತ್ತದೆ. ಬೆಂಕಿಗೆ ಇಡಬೇಡಿ. ನೀರಿಗೆ ಹಾಕಿ ನೋಡುವ, ಬೆಂಕಿಕಡ್ಡಿ ಗೀರುವ ಪರೀಕ್ಷೆಯಿಂದಲೂ ಏನೂ ತಿಳಿಯುವುದಿಲ್ಲ. ನೊರೆ ಬಂದು ಹುಳಿ ವಾಸನೆ ಬಂದರೆ ಮಾತ್ರ ಹುಷಾರು. ಮೇಣದ ಮುಚ್ಚಳ ಹಾಕುವ ಮೊದಲೇ ತೆಗೆದ ಜೇನಿನಲ್ಲಿ ನೀರಿನಂಶ ಜಾಸ್ತಿ ಇರುತ್ತದೆ, ಬೇಗ ಹುಳಿಯುತ್ತದೆ.

ಕಿತ್ತಳೆ ಪ್ರಿಯ, ಸಿದ್ದಾಪುರ

ಕೊಡಗಿನ ಕಿತ್ತಳೆಯನ್ನು ಯಾರೂ ನೆನೆಯಲಿಲ್ಲವಲ್ಲ! ಸಡಿಲ ಸಿಪ್ಪೆ, ಹಸಿರು ಹಳದಿ ಬಣ್ಣ, ಸಿಹಿ ಜೊತೆ ಸ್ವಲ್ಪ ಹುಳಿ. ಮೊದಲು ಕಾಫಿ ತೋಟದ ನಡುವೆ ಎಲ್ಲ ಕಡೆ ಇತ್ತು. ಗ್ರೀನಿಂಗ್ ರೋಗ ಬಂದು ಮರಗಳು ಒಣಗಿದವು. ಈಗ ಹೊರಗಿನ ಹಣ್ಣಿಗೆ ಕೊಡಗು ಕಿತ್ತಳೆ ಅಂತ ಹೆಸರಿಟ್ಟು ರಸ್ತೆ ಬದಿ ಮಾರುತ್ತಾರೆ. ಅಸಲಿ ಸಿಕ್ಕಿದರೆ ಬುಟ್ಟಿಗಟ್ಟಲೆ ಕೊಳ್ಳುತ್ತೇನೆ, ನೆರೆಮನೆಗೆಲ್ಲ ಹಂಚುತ್ತೇನೆ. ತೋಟದಲ್ಲಿ ಹೊಸ ಸಸಿಗಳನ್ನೂ ಹಾಕಿದ್ದೇನೆ. ಫಲ ಬರಲು ವರ್ಷಗಳು ಬೇಕು. ಆ ಜಾಗಕ್ಕೆ ಕಾಳುಮೆಣಸು ಹಬ್ಬಿಸಿದರೆ ಲಾಭ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಿತ್ತಳೆ ಬೇಕು.

ಗದ್ದೆಬದಿ, ಕಕ್ಕಬ್ಬೆ

ಅಣ್ಣ, ಸಸಿ ಎಲ್ಲಿಂದ ತಂದಿರಿ? ನನಗೂ ನಾಲ್ಕಾರು ಬೇಕಿತ್ತು.

ಕಿತ್ತಳೆ ಪ್ರಿಯ, ಸಿದ್ದಾಪುರ

ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ವಿಚಾರಿಸಿ. ರೋಗ ಇಲ್ಲದ ಸಸಿಯನ್ನೇ ಕೇಳಿ ತೆಗೆದುಕೊಳ್ಳಿ. ರಸ್ತೆ ಬದಿ ಸಿಗುವ ಸಸಿ ಬೇಡ. ಗ್ರೀನಿಂಗ್ ಹರಡುವುದು ಸಿಲ್ಲಿಡ್ ಅನ್ನುವ ಸಣ್ಣ ಕೀಟದಿಂದ ಹಾಗೂ ರೋಗ ಇರುವ ಮರದ ಕಸಿಯಿಂದ. ಚಿಗುರು ಬಂದಾಗ ಎಲೆ ಅಡಿಯಲ್ಲಿ ನೋಡುತ್ತಿರಿ.

ಸೋಮವಾರಪೇಟೆಯವ

ತೋಟದಮನೆ ಅಕ್ಕನಿಗೆ ಒಂದು ಪ್ರಶ್ನೆ. ನಮ್ಮದೂ ಅರೇಬಿಕಾ. ಮನೆಗೆ ಅಂತ ಇಟ್ಟುಕೊಂಡರೆ ಮಳೆಗಾಲ ದಾಟುವಷ್ಟರಲ್ಲಿ ಬೀಜ ಬಿಳಚಿಕೊಂಡು ರುಚಿ ಸಪ್ಪೆ ಆಗುತ್ತದಲ್ಲ? ಇನ್ನೊಂದು, ಚಿಕೋರಿ ಹಾಕದೆ ಹೇಗೆ ಕುಡಿಯುತ್ತೀರಿ? ನನಗೆ ಚಿಕೋರಿ ಇಲ್ಲದಿದ್ದರೆ ಡಿಕಾಕ್ಷನ್ ತೆಳ್ಳಗೆ ಅನಿಸುತ್ತದೆ.

ತೋಟದಮನೆ, ಸುಂಟಿಕೊಪ್ಪ

ಬಿಳಚಿಕೊಳ್ಳುವುದು ತೇವದಿಂದ. ಮಂಗಳೂರು ಕಡೆ ಬೇಕೆಂದೇ ಮಳೆಗಾಳಿಗೆ ಬೀಜ ಒಡ್ಡಿ ಮಾನ್ಸೂನ್ಡ್ ಮಲಬಾರ್ ಮಾಡುತ್ತಾರಲ್ಲ, ಅದರಲ್ಲಿ ಬೀಜ ಉಬ್ಬಿ ಬಣ್ಣ ಕಳೆದುಕೊಳ್ಳುವುದೂ ಇದೇ ಕಾರಣಕ್ಕೆ. ನಮಗೆ ಅದು ಬೇಡ ಅಂದರೆ ಸಿಪ್ಪೆ ಬಿಡಿಸಬೇಡಿ. ಪಾರ್ಚ್‌ಮೆಂಟಿನಲ್ಲೇ ಇಡಿ. ಆ ಸಿಪ್ಪೆ ಬೀಜವನ್ನು ಕಾಯುತ್ತದೆ. ತೇವಾಂಶ ಹತ್ತು ಹನ್ನೊಂದು ಶೇಕಡಕ್ಕೆ ಇಳಿಯುವ ತನಕ ಒಣಗಿಸಿ, ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ ಇಡಿ. ಗೊಬ್ಬರ, ಕಾಳುಮೆಣಸು, ಡೀಸೆಲ್ ಇರುವ ಕೋಣೆಯಲ್ಲಿ ಬೇಡ. ಕಾಫಿ ಎಲ್ಲ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಹುರಿಯುವ ಮೊದಲು ಬೇಕಾದಷ್ಟೇ ಸಿಪ್ಪೆ ಬಿಡಿಸಿ. ಪೀಬೆರಿಯನ್ನು ಪಾರ್ಚ್‌ಮೆಂಟಿನಲ್ಲೇ ಆರಿಸಬಹುದು, ದುಂಡಗಿರುವುದು ಕಣ್ಣಿಗೆ ಕಾಣುತ್ತದೆ.

ಹುರಿಯಲು ದಪ್ಪ ಕಬ್ಬಿಣದ ಬಾಣಲೆ ಸಾಕು. ಕೈ ಬಿಡದೆ ತಿರುವಬೇಕು. ಹಳದಿ ಆಗಿ, ಆಮೇಲೆ ಕಂದು ಬಣ್ಣ ಬಂದು, ಚಟಚಟ ಸದ್ದು ಶುರುವಾಗುತ್ತದೆ. ಸದ್ದು ಮುಗಿದ ಸ್ವಲ್ಪ ಹೊತ್ತಿಗೆ ಇಳಿಸಿ, ಮೊರದಲ್ಲಿ ಹಾಕಿ ಬೇಗ ಆರಿಸಿ. ಬಾಣಲೆಯಲ್ಲೇ ಬಿಟ್ಟರೆ ಒಳಗಿನ ಬಿಸಿಗೆ ಕರಿಯಾಗುತ್ತದೆ. ಹುರಿದ ದಿನವೇ ಕುಡಿಯಬೇಡಿ. ಕೆಲವು ದಿನ ಡಬ್ಬಿಯಲ್ಲಿ ಇಟ್ಟರೆ ಒಳಗಿನ ಗಾಳಿ ಹೊರಗೆ ಹೋಗಿ ರುಚಿ ಕೂರುತ್ತದೆ.

ಚಿಕೋರಿ ವಿಷಯದಲ್ಲಿ ಜಗಳ ಬೇಡ. ಅದು ದಪ್ಪ ಕೊಡುತ್ತದೆ, ಬಣ್ಣ ಕೊಡುತ್ತದೆ, ಹಾಲಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಚಿಕೋರಿ ಒಂದು ಗಿಡದ ಬೇರು, ಅದರಲ್ಲಿ ಕಾಫಿಯ ಗುಣ ಇಲ್ಲ. ನಿಮ್ಮದೇ ತೋಟದ ರುಚಿ ತಿಳಿಯಬೇಕು ಅಂದರೆ ಮೊದಲು ಅದಿಲ್ಲದೆ ಕುಡಿದು ನೋಡಿ. ತೆಳ್ಳಗೆ ಅನಿಸಿದರೆ ಪುಡಿ ಸ್ವಲ್ಪ ಹೆಚ್ಚು ಹಾಕಿ, ನೀರು ಕಡಿಮೆ ಮಾಡಿ. ನಮ್ಮದಲ್ವಾ, ಕೈ ಬಿಗಿ ಹಿಡಿಯುವುದು ಯಾಕೆ?

ಲೈನ್‌ಮನೆ ಹುಡುಗಿ, ಕುಶಾಲನಗರ

ಅಕ್ಕ, ನಿಮ್ಮ ಪೀಬೆರಿ ಸ್ವಲ್ಪ ಮಾರುತ್ತೀರಾ? ಅಮ್ಮನಿಗೆ ಕುಡಿಸಬೇಕು. ಇಷ್ಟು ವರ್ಷ ಕುಯ್ದಿದ್ದಾಳೆ.

ತೋಟದಮನೆ, ಸುಂಟಿಕೊಪ್ಪ

ಮಾರುವುದಿಲ್ಲ, ಕೊಡುತ್ತೇನೆ. ಮುಂದಿನ ಮಂಗಳವಾರ ಕುಶಾಲನಗರ ಸಂತೆಗೆ ಬರುತ್ತೇನೆ. ಮೆಸೇಜ್ ಮಾಡು. ಅಮ್ಮನಿಗೆ ಹಾಲಿನ ಕಾಫಿ ಅಭ್ಯಾಸವೋ ಬೆಲ್ಲದ ಕಾಫಿಯೋ ಹೇಳು, ಅದಕ್ಕೆ ತಕ್ಕ ಹಾಗೆ ಪುಡಿ ಮಾಡಿ ತರುತ್ತೇನೆ.

ಲೈನ್‌ಮನೆ ಹುಡುಗಿ, ಕುಶಾಲನಗರ

ಬೆಲ್ಲದ್ದು. ಮೆಸೇಜ್ ಮಾಡಿದೆ ಅಕ್ಕ.

ಹಾರಂಗಿ, ಕುಶಾಲನಗರ

ಬೆಂಗಳೂರಿನ ಅಕ್ಕ ಮದ್ದು ಸೊಪ್ಪಿನ ಪಾಯಸ ಅಂದದ್ದನ್ನು ಹಿಡಿದು ಕೇಳುತ್ತಿದ್ದೇನೆ. ನಾವು ಹೊರಗಿನಿಂದ ಬಂದು ಇಲ್ಲಿ ನೆಲೆಸಿದವರು. ಸಂತೆಯಲ್ಲಿ ಆ ಸಮಯಕ್ಕೆ ಸೊಪ್ಪಿನ ಕಟ್ಟು ನೋಡುತ್ತೇವೆ, ಮಾಡುವುದು ಹೇಗೆ ಅಂತ ಗೊತ್ತಿಲ್ಲ. ಮಕ್ಕಳಿಗೆ ಕೊಡಬಹುದಾ?

ಬೆಂಗಳೂರಿನಲ್ಲಿರುವ ಕೊಡಗಿನವಳು

ಧಾರಾಳವಾಗಿ ಮಾಡಿ. ಕಾಂಡ ಸಮೇತ ಸೊಪ್ಪನ್ನು ತೊಳೆದು, ಕತ್ತರಿಸಿ, ನೀರಿನಲ್ಲಿ ಚೆನ್ನಾಗಿ ಕುದಿಸಿ. ನೀರು ಗಾಢ ನೇರಳೆ ಬಣ್ಣಕ್ಕೆ ಬರುತ್ತದೆ, ಒಂದು ವಿಶೇಷ ಪರಿಮಳ ಏಳುತ್ತದೆ. ಸೋಸಿ, ಆ ನೀರಿನಲ್ಲೇ ಅಕ್ಕಿ ಬೇಯಿಸಿ. ಬೆಲ್ಲ, ತೆಂಗಿನ ಹಾಲು, ಏಲಕ್ಕಿ ಹಾಕಿದರೆ ಪಾಯಸ. ಅಕ್ಕಿ ತರಿ ಹಾಕಿ ಬೇಯಿಸಿ ತಟ್ಟೆಗೆ ಹೊಯ್ದರೆ ಮದ್ದು ಪುಟ್ಟು. ಅದನ್ನು ತುಪ್ಪ, ಜೇನಿನ ಜೊತೆ ತಿನ್ನಿ. ಚೇರಂಬಾಣೆ ಅಣ್ಣನ ಜೇನು ಸಿಕ್ಕಿದರೆ ಇನ್ನೂ ಒಳ್ಳೆಯದು. ಕಕ್ಕಡದ ಹದಿನೆಂಟನೇ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆ ಮದ್ದು ಕೂಡಿರುತ್ತದೆ ಅಂತ ಹಿರಿಯರ ನಂಬಿಕೆ. ಅರೆಭಾಷೆಯವರು ಆಟಿ ಸೊಪ್ಪು ಅಂತಾರೆ.

ನಮ್ಮ ಮನೆಯಲ್ಲಿ ಮಕ್ಕಳಿಗೂ ಸ್ವಲ್ಪ ಕೊಡುತ್ತೇವೆ. ಮರುದಿನ ಮೂತ್ರ ಕೆಂಪಾಗಿ ಹೋಗುತ್ತದೆ, ಅದು ಸೊಪ್ಪಿನ ಬಣ್ಣ. ಮಕ್ಕಳಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಹೆದರುತ್ತವೆ.